ಗೋಡೆ ನೀರು ಕುಡಿಯುತ್ತದೆ

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದ್ತಾನೆ ಅಂತ ಕರೆದಿದ್ದೀರಿ. ನಾನು ಗೋಡೆಯ ಬಗ್ಗೆ ಮಾತಾಡ್ತೀನಿ. ನನ್ನ ಕವಿತೆಗಳ ಮೊದಲ ನೋಟ್‌ಬುಕ್ಕು ನಮ್ಮ ಮನೆಯ ಗೋಡೆಗೂಡಿನಲ್ಲೇ ಬೂಷ್ಟು ಹಿಡಿದು, ಹಾಳೆಗೆ ಹಾಳೆ ಅಂಟಿ ಹೋಯಿತು. ಅದು ಹೋಗಲಿ. ಅದೇ ಗೋಡೆಯ ಬುಡದಲ್ಲಿ ಮಲಗುವ ನಮ್ಮವ್ವನಿಗೆ ಮಳೆಗಾಲ ಪೂರ್ತಿ ಗೂರಲು. ಥಂಡಿ, ಬೂಷ್ಟು ಇರುವ ಮನೆಯಲ್ಲಿ ಉಬ್ಬಸ ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ನಮ್ಮ ಕೇರಿಯಲ್ಲಿ ಇನ್ನೂ 'ಯಾರದೋ ಕಣ್ಣು' ಅಂತಾರೆ.

ಬುಡ್ಡಿದೀಪದ ಬತ್ತಿಯಲ್ಲಿ ಸೀಮೆಎಣ್ಣೆ ಮೇಲಕ್ಕೇರುವುದನ್ನು ನೋಡಿದ್ದೀರಲ್ಲ, ಇಟ್ಟಿಗೆಯೂ ಮಣ್ಣೂ ಹಾಗೆಯೇ. ಅವುಗಳ ಸಣ್ಣ ತೂತುಗಳು ನೆಲದ ನೀರನ್ನು ಮೊಣಕಾಲೆತ್ತರ, ಕೆಲವೊಮ್ಮೆ ಸೊಂಟದೆತ್ತರ ಎಳೆದುಕೊಳ್ಳುತ್ತವೆ. ನೀರು ಆರಿಹೋಗುತ್ತದೆ, ಅದರೊಳಗಿನ ಉಪ್ಪು ಬಿಳಿಯಾಗಿ ಗೋಡೆಯಲ್ಲೇ ಕೂತು ಸುಣ್ಣವನ್ನೂ ಗಾರೆಯನ್ನೂ ಉದುರಿಸುತ್ತದೆ. ನೆಲದಲ್ಲಿ ನೀರು ಎಲ್ಲಿ ಹೆಚ್ಚು? ತಗ್ಗಿನಲ್ಲಿ. ತಗ್ಗಿನಲ್ಲಿ ಯಾರ ಮನೆ? ಊರಿನ ಬಚ್ಚಲ ನೀರು ಬಂದು ನಿಲ್ಲುವ ಕಡೆ ನಮ್ಮ ಕೇರಿಯನ್ನು ಇಟ್ಟವರು ಯಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮದು ಸರ್ಕಾರದ ಹಣದಲ್ಲಿ ಕಟ್ಟಿದ ಮನೆ. ಪಾಯ ಮುಗಿದು ಗೋಡೆ ಏಳುವ ಮೊದಲು, ಹೊರಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಮೇಲೆ, ಗೋಡೆಯ ಪೂರ್ತಿ ಅಗಲಕ್ಕೆ ಒಂದೂವರೆ ಅಂಗುಲ ಕಾಂಕ್ರೀಟು ಹಾಕಬೇಕು. ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಸಣ್ಣ ಜಲ್ಲಿ. ಒಣಗಿದ ಮೇಲೆ ಬಿಸಿ ಟಾರು ಬಳಿಯಬೇಕು. ಏರುವ ನೀರು ಅಲ್ಲಿಗೇ ನಿಲ್ಲುತ್ತದೆ. ಇಂಜಿನಿಯರುಗಳು ಇದನ್ನು ಡಿ.ಪಿ.ಸಿ. ಅಂತಾರೆ. ನಮ್ಮ ಕಂಟ್ರಾಕ್ಟರು ಅದನ್ನು ನುಂಗಿದ. ಕೇಳೋಣವೆಂದರೆ ನಮ್ಮಪ್ಪನಿಗೆ ಆ ಹೆಸರೇ ಗೊತ್ತಿರಲಿಲ್ಲ. ನಾನೋ, ಬಿ.ಎ. ಓದುತ್ತಾ ಹಾಸ್ಟೆಲಿನಲ್ಲಿ ಪ್ರಾಸ ಹುಡುಕುತ್ತಿದ್ದೆ.

ಆಮೇಲೆ ನಾನೇ ಇನ್ನೊಂದು ತಪ್ಪು ಮಾಡಿದೆ. ಮೊದಲ ಸಂಬಳದಲ್ಲಿ ಗೋಡೆಯ ಕೆಳಗಿನ ಮೂರಡಿಗೆ ಗಟ್ಟಿ ಸಿಮೆಂಟು ಹೊಡೆಸಿದೆ. ಒಳಗಿನ ತೇವಕ್ಕೆ ಆರಲು ದಾರಿಯಿಲ್ಲದೆ ಅದು ಸಿಮೆಂಟನ್ನೂ ದಾಟಿ ನಾಲ್ಕಡಿಯಲ್ಲಿ ಕಾಣಿಸಿಕೊಂಡಿತು. ಹೋದ ಬೇಸಿಗೆಯಲ್ಲಿ ಅದನ್ನೆಲ್ಲ ಕಿತ್ತು, ಗೋಡೆ ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿದೆವು. ಗೋಡೆಯ ಬುಡಕ್ಕೆ ಒತ್ತಿಕೊಂಡಿದ್ದ ಮಣ್ಣು ತೆಗೆದು, ಸೂರಿನ ನೀರು ದೂರ ಹರಿಯುವಂತೆ ಇಳಿಜಾರು ಕೊಟ್ಟೆವು. ಥಂಡಿ ಪೂರ್ತಿ ಹೋಗಿಲ್ಲ, ಮೊಣಕಾಲಿಗೆ ಇಳಿದಿದೆ. ಬಚ್ಚಲ ನೀರು ಈಗಲೂ ಅಲ್ಲೇ ನಿಲ್ಲುತ್ತದೆ. ಚರಂಡಿಗಾಗಿ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೇವೆ, ಎರಡು ಸಲ.

ರಜೆಗೆ ಹೋದಾಗ ನಿಮ್ಮ ಕೇರಿಯಲ್ಲಿ ಯಾರದಾದರೂ ಪಾಯ ಏಳುತ್ತಿದ್ದರೆ ಆವತ್ತು ಅಲ್ಲಿ ನಿಂತಿರಿ. 'ನಿಂಗೇನೋ ಗೊತ್ತು' ಅಂದಾನು ಕಂಟ್ರಾಕ್ಟರು. ಟಾರಿನ ಡಬ್ಬ ಎಲ್ಲಿ ಅಂತ ಕೇಳಿ.