ಬರೆಯುವಾಗ ಮೊದಲು, ಓದುವಾಗ ಕೊನೆಗೆ

ಹಿಂಡಲಗಾದ ಕಿರಾಣಿ ಅಂಗಡಿಯ ಹಲಗೆಯ ಮೇಲೆ ‘ಉಳ್ಳಾಗಡ್ಡಿ ₹40’ ಎಂದು ಬರೆದಿದ್ದರೆ ಕನ್ನಡದವರು ‘ನಲವತ್ತು ರೂಪಾಯಿ’ ಎನ್ನುತ್ತಾರೆ, ಮರಾಠಿಯವರು ‘ಚಾಳೀಸ್ ರುಪಯೆ’ ಎನ್ನುತ್ತಾರೆ. ಕನ್ನಡದ ‘ರೂ.’ ಬರೆಯಬೇಕೋ ಮರಾಠಿಯ ‘ರು.’ ಬರೆಯಬೇಕೋ ಎಂಬ ಪ್ರಶ್ನೆಯೇ ಅಂಗಡಿಕಾರರಿಗಿಲ್ಲ. ಅಕ್ಷರಕ್ಕಾಗಿ ಇಷ್ಟೊಂದು ಜಗಳ ಕಂಡ ಬೆಳಗಾವಿ ಸೀಮೆಯಲ್ಲಿ ಇದು ಸಣ್ಣ ಉಪಕಾರವಲ್ಲ.

ಈ ₹ ಗುರುತಿಗೆ ಇನ್ನೂ ಹೆಚ್ಚು ವಯಸ್ಸಾಗಿಲ್ಲ. ಪಾಕಿಸ್ತಾನ, ನೇಪಾಳ, ಶ್ರೀಲಂಕಾ, ಮಾರಿಷಸ್‌ಗಳ ಹಣಕ್ಕೂ ರೂಪಾಯಿ ಎಂದೇ ಹೆಸರು. ಹಾಗಾಗಿ ನಮ್ಮದಕ್ಕೆ ಬೇರೆ ಚಿಹ್ನೆ ಬೇಕೆಂದು ಕೇಂದ್ರ ಸರ್ಕಾರ 2009ರಲ್ಲಿ ಸ್ಪರ್ಧೆ ಕರೆಯಿತು. ಮೂರು ಸಾವಿರಕ್ಕೂ ಹೆಚ್ಚು ವಿನ್ಯಾಸಗಳಲ್ಲಿ ಆಯ್ಕೆಯಾದದ್ದು ಮುಂಬಯಿಯ ಐಐಟಿಯಲ್ಲಿ ಓದಿದ ಡಿ. ಉದಯಕುಮಾರ್ ಅವರದು. 2010ರ ಜುಲೈ 15ರಂದು ಸಚಿವ ಸಂಪುಟ ಅದನ್ನು ಒಪ್ಪಿತು. ದೇವನಾಗರಿಯ ‘ರ’ ಅಕ್ಷರ, ಎಡಗಂಬ ಕಳಚಿದ ರೋಮನ್ ‘ಆರ್’ ಎರಡೂ ಅದರಲ್ಲಿ ಕಾಣುತ್ತವೆ. ಮೇಲಿನ ಜೋಡಿ ಗೆರೆ ತ್ರಿವರ್ಣ ಧ್ವಜವನ್ನು ನೆನಪಿಸುತ್ತದೆ.

ಒಪ್ಪಿಗೆಯೇನೋ ಸಿಕ್ಕಿತು, ಆದರೆ ಟೈಪ್ ಮಾಡುವುದು ಹೇಗೆ? ಕೀಲಿಮಣೆಯಲ್ಲಿ ಅದಿರಲಿಲ್ಲ. ಆಗ ಕೈಹಾಕಿದ್ದು ಕರಾವಳಿಯ ಕನ್ನಡನಾಡು. ಮಂಗಳೂರಿನ ಫೋರೇಡಿಯನ್ ಕಂಪನಿ ಅದೇ ತಿಂಗಳು ಉಚಿತ ಫಾಂಟ್ ಒಂದನ್ನು ಹೊರತಂದಿತು. ಟ್ಯಾಬ್ ಕೀಲಿಯ ಮೇಲಿನ ಕೀಲಿ ಒತ್ತಿದರೆ ಹೊಸ ಚಿಹ್ನೆ ಮೂಡುತ್ತಿತ್ತು. ತೊಡಕೂ ಇತ್ತು: ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ₹ ಇರಬೇಕಾದಲ್ಲಿ ಬರೀ ಒಂದು ಓರೆ ಗೀಟು. 2010ರ ಅಕ್ಟೋಬರಿನಲ್ಲಿ ಯೂನಿಕೋಡ್ ಪ್ರತ್ಯೇಕ ಸಂಕೇತ ಕೊಟ್ಟ ಮೇಲೆ ಈ ತೊಡಕು ಬಗೆಹರಿಯುತ್ತ ಬಂತು. 2011ರಲ್ಲಿ ನಾಣ್ಯಗಳ ಮೇಲೂ ಅದು ಬಂತು.

ನೋಟನ್ನು ತಿರುಗಿಸಿದರೆ ಇನ್ನೊಂದು ಬಗೆಯ ಲೆಕ್ಕ ಸಿಗುತ್ತದೆ. ಭಾಷಾಪಟ್ಟಿಯ 15 ಭಾಷೆಗಳಲ್ಲಿ ನಾಲ್ಕನೆಯದು ಕನ್ನಡ. ನೂರರ ನೋಟಿನಲ್ಲಿ ಅಲ್ಲಿ ‘ನೂರು ರೂಪಾಯಿಗಳು’ ಎಂದಿರುತ್ತದೆ. ಚಿಹ್ನೆ ಬಂದರೂ ಆ ಸಾಲು ಹೋಗಿಲ್ಲ. 2025ರ ಮಾರ್ಚಿನಲ್ಲಿ ತಮಿಳುನಾಡು ಸರ್ಕಾರ ತನ್ನ ಬಜೆಟ್ ಲಾಂಛನದಲ್ಲಿ ₹ ಬದಲು ತಮಿಳಿನ ‘ರೂ’ ಹಾಕಿದಾಗ ದೊಡ್ಡ ಚರ್ಚೆಯೇ ನಡೆಯಿತು. ಕನ್ನಡಿಗರು ಎರಡನ್ನೂ ಉಳಿಸಿಕೊಳ್ಳಬಹುದು, ಉಳಿಸಿಕೊಳ್ಳಬೇಕು ಕೂಡ: ದರಪಟ್ಟಿಗೆ ₹, ಕತೆ-ಲೇಖನಗಳಿಗೆ ರೂಪಾಯಿ.

ಎರಡನ್ನೂ ಒಟ್ಟಿಗೆ ಹಾಕುವುದು ಮಾತ್ರ ಸಲ್ಲದು. ‘₹500 ರೂ.’ ಎಂದು ಬರೆದ ಫಲಕಗಳು ಬೇಕಾದಷ್ಟಿವೆ. ಹಾಗಾಗುವುದಕ್ಕೆ ಕಾರಣವೂ ಇದೆ. ಚಿಹ್ನೆಯನ್ನು ಅಂಕಿಯ ಎಡಕ್ಕೆ ಬರೆಯುತ್ತೇವೆ, ಬಾಯಲ್ಲಿ ಮಾತ್ರ ರೂಪಾಯಿ ಕೊನೆಗೆ ಬರುತ್ತದೆ; ಕೈ ಆ ಮಾತನ್ನೇ ಹಿಂಬಾಲಿಸುತ್ತದೆ. ಶಾಲೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿದರೆ ಒಂದೇ ದಿನದಲ್ಲಿ ರೂಢಿಯಾಗುತ್ತದೆ.

ಚೆಕ್ಕಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಚೌಕದೊಳಗೆ ಮುದ್ರಿಸಿದ ₹ ಪಕ್ಕದಲ್ಲೇ, ನಡುವೆ ಜಾಗ ಬಿಡದೆ, ಅಂಕಿ ಶುರುವಾಗಬೇಕು. ಜಾಗ ಬಿಟ್ಟರೆ 5,000ದ ಹಿಂದೆ ಇನ್ನೊಂದು ಅಂಕಿ ಸೇರಿಸಲು ದಾರಿ ಕೊಟ್ಟಂತೆ. ಕೊನೆಯಲ್ಲಿ ಹಾಕುವ ‘/-’ ಬಲಗಡೆಯ ಬಾಗಿಲನ್ನು ಮುಚ್ಚುತ್ತದೆ. ಅಕ್ಷರದ ಸಾಲಿನಲ್ಲಿ ‘ಐದು ಸಾವಿರ ರೂಪಾಯಿ ಮಾತ್ರ’ ಎಂದು ಕನ್ನಡದಲ್ಲೇ ಬರೆಯಬಹುದು. ಹಿಂದಿ, ಇಂಗ್ಲಿಷಿನಂತೆ ಆಯಾ ಪ್ರದೇಶದ ಭಾಷೆಯಲ್ಲೂ ಚೆಕ್ ಬರೆಯಲು ರಿಸರ್ವ್ ಬ್ಯಾಂಕಿನ ಸೂಚನೆಯಲ್ಲೇ ಅವಕಾಶವಿದೆ.