ಶಿಶುವಧೆಯ ತರ್ಕ: ಗ್ರೀಕ್ ಪುರಾಣವೂ ಎಡೆದೊರೆಯ ನೆಲವೂ



ಗ್ರೀಕ್ ಪುರಾಣಗಳಲ್ಲಿ ಯುದ್ಧಕ್ಕೆ ಬಲಿಯಾದ ಮಕ್ಕಳನ್ನು ಕುರಿತ ಗೋಷ್ಠಿಯನ್ನು ರಾಯಚೂರಿನಲ್ಲಿ ಏರ್ಪಡಿಸಿದ್ದೇಕೆಂದು ಯಾರಾದರೂ ಕೇಳಿದರೆ ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಕೃಷ್ಣೆಯ ಮಗ್ಗುಲಿನ ದೇವದುರ್ಗದಿಂದ ತುಂಗಭದ್ರೆಯ ಮಗ್ಗುಲಿನ ಮಾನ್ವಿಯವರೆಗೆ ಹರಡಿರುವ ಈ ಎಡೆದೊರೆ ನಾಡು, ಬಹಮನಿ ಸುಲ್ತಾನರಿಗೂ ವಿಜಯನಗರದ ಅರಸರಿಗೂ, ತರುವಾಯ ಬಿಜಾಪುರದ ಆದಿಲಶಾಹಿಗಳಿಗೂ ತಲೆಮಾರುಗಳ ಕಾಲ ಕಲಹಕಾರಣವಾಗಿದ್ದ ನೆಲ. ಇಲ್ಲಿಯ ಕೋಟೆಯ ಗೋಡೆಯಲ್ಲಿ ನಾಲ್ವತ್ತು ಅಡಿಗೂ ಮಿಕ್ಕು ಉದ್ದದ ಏಕಶಿಲೆಯೊಂದುಂಟು. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನವೂ, ಆ ಬಂಡೆಯನ್ನು ಗಾಡಿಯ ಮೇಲೇರಿಸಿ ಎಳೆದು ತಂದ ಬಗೆಯನ್ನು ತೋರುವ ರೇಖಾಚಿತ್ರವೂ ಇವೆ. ಕಟ್ಟಿಸಿದವರ ಹೆಸರಿಗೆ ಅಕ್ಷರ ಸಂದಿತು, ಬಂಡಿಯನ್ನೆಳೆದ ಪಶುಗಳಿಗೂ ಚಿತ್ರ ಸಂದಿತು. ಆ ಗೋಡೆಯೊಳಗೆ ಮುತ್ತಿಗೆಗಳ ನಡುವೆ ಬೆಳೆದ, ಬೆಳೆಯದೆ ಅಳಿದ ಮಕ್ಕಳಿಗೆ ಒಂದು ಗೆರೆಯೂ ಸಲ್ಲಲಿಲ್ಲ. ಶಾಸನವು ಬಿಟ್ಟದ್ದನ್ನು ಕಾವ್ಯ ಪುರಾಣಗಳು ಹಿಡಿದಿಟ್ಟಿವೆಯೆ, ಹಿಡಿದಿಟ್ಟಿದ್ದರೆ ಹೇಗೆ ಎಂಬುದೇ ನಮ್ಮ ಜಿಜ್ಞಾಸೆ.

ಹೋಮರನ ಇಲಿಯಡ್ ಮಹಾಕಾವ್ಯದ ಆರನೆಯ ಸರ್ಗದಲ್ಲಿ, ದಾದಿಯ ಎದೆಗವಚಿಕೊಂಡ ಹಸುಳೆ ಅಸ್ಟ್ಯಾನಾಕ್ಸ್, ತಂದೆಯ ಶಿರಸ್ತ್ರಾಣದ ಮೇಲೆ ತೂಗಾಡುವ ಕುದುರೆಗೂದಲ ಜುಟ್ಟನ್ನು ಕಂಡು ಬೆದರಿ ಚೀರುತ್ತದೆ. ಹೆಕ್ಟರನು ನಕ್ಕು, ಶಿರಸ್ತ್ರಾಣವನ್ನು ನೆಲಕ್ಕಿಟ್ಟು, ಕೂಸನ್ನೆತ್ತಿ ಮುದ್ದಿಸಿ, ಇವನು ತನಗಿಂತ ಮಿಗಿಲಾದ ವೀರನೆನಿಸಲೆಂದು ದೇವತೆಗಳನ್ನು ಬೇಡುತ್ತಾನೆ. ಟ್ರಾಯ್ ನಗರವು ಬಿದ್ದ ಮೇಲೆ, ಯೂರಿಪಿಡೀಸನ ‘ಟ್ರಾಯ್ ನಗರದ ಸ್ತ್ರೀಯರು’ ನಾಟಕದಲ್ಲಿ, ಒಡಿಸ್ಯೂಸನು ಗ್ರೀಕರ ಸಭೆಯೆದುರು ಹೂಡುವ ವಾದವು ಆ ತಂದೆಯ ಹರಕೆಯನ್ನೇ ತಿರುವಿಹಾಕಿದಂತಿದೆ: ವೀರನ ಮಗನು ವೀರನಾದಾನು, ಆದುದರಿಂದ ಉಳಿಯಕೂಡದು. ಕೂಸನ್ನು ಕೋಟೆಯ ಮೇಲಿಂದ ಕೆಡಹುತ್ತಾರೆ. ಶವಪೆಟ್ಟಿಗೆಯ ಬದಲಿಗೆ ತಂದೆಯ ಗುರಾಣಿಯಲ್ಲಿಟ್ಟು ಅಜ್ಜಿ ಹೆಕ್ಯೂಬ ಅದನ್ನು ಮಣ್ಣಿಗೆ ಕಳುಹುತ್ತಾಳೆ. ಮಹಾಸೈನ್ಯವೊಂದು ಹಸುಳೆಗೆ ಹೆದರಿ ಕೊಂದಿತೆಂಬುದನ್ನು ಗೋರಿಯ ಮೇಲೆ ಬರೆದರೆ ಅದು ಗ್ರೀಸಿಗೆ ನಾಚಿಕೆಗೇಡೆಂದು ಆಕೆ ನುಡಿಯುವಾಗ, ಕಣ್ಣೀರಿನ ಜೊತೆಗೆ ಖಂಡನೆಯೂ ಹರಿಯುತ್ತದೆ. ಈ ನಾಟಕವು ರಂಗವೇರಿದ್ದು ಕ್ರಿಸ್ತಪೂರ್ವ 415ರಲ್ಲಿ. ಅದಕ್ಕೆ ತುಸುವೇ ಮುನ್ನ ಅಥೆನ್ಸಿನವರು ಮೆಲೋಸ್ ದ್ವೀಪವನ್ನು ಗೆದ್ದು, ವಯಸ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ದಾಸ್ಯಕ್ಕೆ ಮಾರಿದ್ದರು. ಗೆದ್ದವರ ಊರಿನಲ್ಲಿಯೇ, ಗೆದ್ದವರೆದುರಿಗೇ, ಸೋತವರ ಮಗುವಿಗಾಗಿ ಅಳುವ ನಾಟಕವೊಂದು ನಡೆಯಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಇತರ ಮಕ್ಕಳ ಕಥೆಗಳಲ್ಲಿ ಕಾರಣವು ಬೇರೆ ಬೇರೆ, ಆದರೆ ಕಾರಣವಿಲ್ಲದ ಕೊಲೆಯೆಂಬುದಿಲ್ಲ. ಔಲಿಸ್ ರೇವಿನಲ್ಲಿ ಹಡಗುಗಳಿಗೆ ಅನುಕೂಲವಾದ ಗಾಳಿ ಬೀಸಬೇಕೆಂದು ಅಗಮೆಮ್ನನ್ ತನ್ನ ಮಗಳು ಇಫಿಗೆನಿಯಳನ್ನು ಬಲಿಗೊಪ್ಪಿಸುತ್ತಾನೆ. ರಕ್ಷಣೆಗೆಂದು ತನ್ನ ವಶಕ್ಕೆ ಕೊಟ್ಟಿದ್ದ ಟ್ರಾಯ್ ನಗರದ ಬಾಲಕ ಪಾಲಿಡೋರಸನನ್ನು ಅವನೊಡನೆ ಬಂದಿದ್ದ ಹೊನ್ನಿನಾಸೆಗೆ ತ್ರೇಸಿನ ದೊರೆಯೇ ಕೊಂದು ಕಡಲಿಗೆಸೆಯುತ್ತಾನೆ. ಥೀಬ್ಸಿನ ಮೇಲೆ ದಂಡೆತ್ತಿ ಹೋಗುವ ಏಳು ಮಂದಿ ನಾಯಕರಿಗೆ ನೀರಿನ ಬುಗ್ಗೆಯನ್ನು ತೋರಿಸಲು ದಾದಿಯು ಕೂಸು ಒಫೆಲ್ಟಿಸನನ್ನು ನೆಲದ ಮೇಲೆ ಬಿಟ್ಟು ಹೋದಾಗ, ಅದನ್ನು ಸರ್ಪವು ಕೊಲ್ಲುತ್ತದೆ. ಯುದ್ಧವಿನ್ನೂ ಮೊದಲಾಗಿರಲಿಲ್ಲ, ಸೈನ್ಯವು ಬಾಯಾರಿ ಆ ದಾರಿಯಲ್ಲಿ ನಡೆದದ್ದಷ್ಟೇ ಮಗುವಿನ ಮರಣಕ್ಕೆ ಸಾಕಾಯಿತು. ನೆಮಿಯದ ಕ್ರೀಡೋತ್ಸವವು ಆ ಶಿಶುವಿನ ಸ್ಮರಣೆಗಾಗಿ ಹುಟ್ಟಿತೆಂದು ಐತಿಹ್ಯ.

ಈ ಕಥೆಗಳು ಕನ್ನಡಿಗರಿಗೆ ಪರಕೀಯವೆನಿಸುವುದಿಲ್ಲ. ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಪ್ರಕಟಿಸಿದಾಗ ಸಾಫೊಕ್ಲೀಸನ ಅಯಾಸನ ಕಥೆಯೊಳಕ್ಕೆ ನಮ್ಮ ದ್ರೋಣಪುತ್ರನನ್ನು ತಂದು ನಿಲ್ಲಿಸಿದರು. 1935ರಲ್ಲಿ ‘ಪಾರಸಿಕರು’ ನಾಟಕದ ಮೂಲಕ ಸೋತವರ ಶೋಕವನ್ನು ಕನ್ನಡಕ್ಕೆ ಕೇಳಿಸಿದರು. ಮಲಗಿದ್ದ ಉಪಪಾಂಡವರನ್ನು ತರಿದ ಅಶ್ವತ್ಥಾಮನು ಉತ್ತರೆಯ ಗರ್ಭದ ಮೇಲೂ ಅಸ್ತ್ರವನ್ನೆಸೆದದ್ದು ಒಡಿಸ್ಯೂಸನ ತರ್ಕದಿಂದಲೇ, ಕುಲದ ಬೀಜವೇ ಉಳಿಯಕೂಡದೆಂಬ ಛಲದಿಂದಲೇ. ಆದರೆ ವ್ಯಾಸಭಾರತವು ಆ ಶಿಶುವನ್ನು ಬದುಕಿಸಿತು, ಕೊಲ್ಲಹೊರಟವನನ್ನು ಶಾಪಕ್ಕೀಡುಮಾಡಿತು. ಎರಡು ಪರಂಪರೆಗಳು ಇಲ್ಲಿ ಕವಲೊಡೆಯುವುದೇಕೆಂಬುದು ಈ ಗೋಷ್ಠಿಯಲ್ಲಿ ವಿಸ್ತಾರವಾದ ಚರ್ಚೆಗೆ ಅರ್ಹವಾದ ವಿಷಯ.

ಇನ್ನು ನಮ್ಮ ನೆಲದ ಇತಿಹಾಸ. 1366ರಲ್ಲಿ ವಿಜಯನಗರದ ಸೈನ್ಯವು ಮುದಗಲ್ಲನ್ನು ಹಿಡಿದು ಗಂಡಸರು ಹೆಂಗಸರು ಮಕ್ಕಳೆನ್ನದೆ ಎಲ್ಲರನ್ನೂ ಕತ್ತಿಗೆ ತುತ್ತಾಗಿಸಿತೆಂದೂ, ಸುದ್ದಿ ಮುಟ್ಟಿಸಲು ಒಬ್ಬನೇ ಉಳಿದನೆಂದೂ, ಕುಪಿತನಾದ ಬಹಮನಿ ಸುಲ್ತಾನ ಮಹಮ್ಮದ್ ಶಾಹನು ಲಕ್ಷ ತಲೆಗಳು ಉರುಳುವ ತನಕ ಕತ್ತಿಯನ್ನು ಒರೆಗಿಡೆನೆಂದು ಶಪಥ ಮಾಡಿ ನಡೆಸಿದ ಸಂಹಾರದಲ್ಲಿಯೂ ಮಕ್ಕಳು ಉಳಿಯಲಿಲ್ಲವೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅವನು ಬರೆದದ್ದು ಇನ್ನೂರು ವರ್ಷಗಳಿಗೂ ಮಿಕ್ಕು ಕಾಲ ಸಂದ ಮೇಲೆ. ಅವನ ಸಂಖ್ಯೆಗಳನ್ನು ನಾವು ಅಳೆದು ನೋಡಿಯೇ ಒಪ್ಪಬೇಕು. ಆದರೆ ಕೊನೆಗೆ ಅವನು ಹೇಳುವ ಮಾತು ಅತ್ಯಂತ ಗಮನಾರ್ಹವಾದುದು: ರಾಯಭಾರಿಗಳ ಬಿನ್ನಹದಿಂದ ಸುಲ್ತಾನನ ಮನಸ್ಸು ಕರಗಿ, ಗೆದ್ದ ಮೇಲೆ ಸೆರೆಯಾಳುಗಳನ್ನಾಗಲಿ ನಿರಾಯುಧ ಪ್ರಜೆಗಳನ್ನಾಗಲಿ ಕೊಲ್ಲಬಾರದೆಂಬ ಕಟ್ಟಳೆಯು ದಖನ್ನಿನಲ್ಲಿ ಅಂದಿನಿಂದ ನಡೆದುಬಂದಿತಂತೆ. ಕಟ್ಟಳೆಯು ಎಷ್ಟು ಸಲ ಮುರಿಯಿತೆಂಬುದು ಇತಿಹಾಸಕಾರರ ವಿಚಾರ. ಆದರೂ 1520ರಲ್ಲಿ ಕೃಷ್ಣದೇವರಾಯನು ಇದೇ ರಾಯಚೂರನ್ನು ಗೆದ್ದು ಒಳಹೊಕ್ಕಾಗ, ಶರಣಾದ ಪುರಜನರಿಗೆ ಅಭಯವಿತ್ತನೆಂದು ಪೋರ್ಚುಗೀಸ್ ಲೇಖಕ ನೂನಿಜ್ ತಿಳಿಸುತ್ತಾನೆ.

ಅರಸರ ಕಟ್ಟಳೆಯ ಜೊತೆಗೆ ಜನರ ಹಾಡೂ ಉಂಟು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡಿ, ಪೀರಲ ದೇವರನ್ನು ಕೂರಿಸಿ, ಎಲ್ಲ ಜಾತಿಗಳವರೂ ಸೇರಿ ಹೆಜ್ಜೆ ಹಾಕುತ್ತ ಹೇಳುವ ಮೊಹರಂ ಪದಗಳು ಕ್ರಿಸ್ತಶಕ 680ರ ಕರ್ಬಲಾ ಕಾಳಗವನ್ನು ಕನ್ನಡದ ಕಥೆಯಾಗಿಸಿವೆ. ತಂದೆಯ ತೋಳಿನಲ್ಲಿದ್ದಾಗಲೇ ಬಾಣಕ್ಕೀಡಾದ ಆರು ತಿಂಗಳ ಅಸ್ಗರನೂ, ಎಳವೆಯಲ್ಲಿಯೇ ರಣಕ್ಕಿಳಿದ ಕಾಸೀಮನೂ ಆ ಕಥನಪರಂಪರೆಗೆ ಸೇರಿದವರು. ನೀರಿಗಾಗಿ ಹೋದ ಸೈನ್ಯದ ದಾರಿಯಲ್ಲಿ ಸತ್ತ ಒಫೆಲ್ಟಿಸನನ್ನೂ, ನೀರಿಲ್ಲದೆ ಬಳಲುತ್ತಿದ್ದಾಗಲೇ ಬಾಣ ತಾಗಿ ಸತ್ತ ಅಸ್ಗರನನ್ನೂ ಎದುರೆದುರು ಇಟ್ಟು ನೋಡುವ ಅವಕಾಶವು ಈ ನೆಲದ ವಿದ್ಯಾರ್ಥಿಗೆ ಒದಗಿರುವ ಭಾಗ್ಯ.

ಆದುದರಿಂದ ಈ ಗೋಷ್ಠಿಯ ಆಶಯವನ್ನು ಮೂರು ಮಾತುಗಳಲ್ಲಿ ಬಿನ್ನವಿಸುತ್ತೇನೆ. ಮೊದಲನೆಯದಾಗಿ, ಶಿಶುವಧೆಯ ಕಥೆಯನ್ನು ಕರುಣರಸದ ನಿದರ್ಶನವೆಂದು ಓದಿ ಮುಗಿಸದೆ, ಕೊಂದವರು ಕೊಟ್ಟ ಕಾರಣಗಳನ್ನು ಒಂದೊಂದಾಗಿ ವಿಮರ್ಶಿಸಬೇಕು. ಏಕೆಂದರೆ ಮುಂದೆ ಶತ್ರುವಾದಾನೆಂಬ ಭಯ, ಯಾತ್ರೆ ಸಾಗಬೇಕೆಂಬ ಆತುರ, ಹೊನ್ನಿನ ಲೋಭ, ಇವೇ ನೆಪಗಳು ವೇಷ ಬದಲಿಸಿಕೊಂಡು ಇಂದಿನ ಯುದ್ಧವಾರ್ತೆಗಳಲ್ಲಿಯೂ ಕೇಳಿಬರುತ್ತಿವೆ. ಎರಡನೆಯದಾಗಿ, ದೇವದುರ್ಗ ಮಾನ್ವಿಗಳ ತರುಣ ಸಂಶೋಧಕರು ತಮ್ಮ ಊರಿನ ಮೊಹರಂ ಪದಗಳನ್ನು ಹಾಡುಗಾರರಿರುವಾಗಲೇ ಸಂಗ್ರಹಿಸಿ, ಗ್ರೀಕ್ ಶೋಕಗೀತಗಳೊಡನೆ ತೂಗಿ ನೋಡಬೇಕು. ಮೂರನೆಯದಾಗಿ, ವಿಶ್ವಸಂಸ್ಥೆಯು 1989ರ ನವೆಂಬರಿನಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಯುದ್ಧಕಾಲದಲ್ಲಿ ಮಕ್ಕಳ ರಕ್ಷಣೆಯನ್ನು ರಾಷ್ಟ್ರಗಳ ಹೊಣೆಯಾಗಿಸಿದುದನ್ನು ಎಡೆದೊರೆಯ ಹಳೆಯ ಕಟ್ಟಳೆಯ ಪಕ್ಕದಲ್ಲಿರಿಸಿ ಓದಬೇಕು. ಹಾಗೆ ಓದಿದಲ್ಲಿ, ಮಗುವನ್ನು ಕೊಲ್ಲದಿರುವುದು ಗೆದ್ದವನ ಔದಾರ್ಯವಾಗಿ ತೊಡಗಿ ಅವನ ಕರ್ತವ್ಯವಾಗಿ ಮಾರ್ಪಡಲು ಎಷ್ಟು ಕಾಲ ಹಿಡಿಯಿತೆಂಬುದು ಮನದಟ್ಟಾಗುವುದು. ಆ ಕರ್ತವ್ಯವನ್ನು ನೆನಪಿಸುವ ಕೆಲಸದಲ್ಲಿ ಸಾಹಿತ್ಯದ ವಿದ್ಯಾರ್ಥಿಗೂ ಪಾಲುಂಟೆಂಬ ನಂಬಿಕೆಯಿಂದ, ಪ್ರಬಂಧಗಳನ್ನು ಮಂಡಿಸಲಿರುವ ವಿದ್ವಾಂಸರೆಲ್ಲರನ್ನೂ ಸ್ವಾಗತಿಸಿ, ಗೋಷ್ಠಿಯ ಕಲಾಪಗಳಿಗೆ ಚಾಲನೆ ನೀಡಬೇಕೆಂದು ಕೋರುತ್ತೇನೆ.