ಗುಳಿಗೆ ನಿಲ್ಲಿಸಬೇಡಿರಿ
(ಜಹೀರಾಬಾದಿನ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಜಹೀರಾಬಾದಿನ ಕಬ್ಬಿನ ಹೊಲವಾಗಲಿ, ತಾಂಡೂರಿನ ಕಲ್ಲುಗಣಿಯಾಗಲಿ, ನಾರಾಯಣಖೇಡದ ತಾಂಡಾವಾಗಲಿ, ಎಚ್.ಐ.ವಿ. ಇರುವ ಹುಡುಗಿಯ ಮಾತು ಬಂದರೆ ನಾವು ದನಿ ತಗ್ಗಿಸುತ್ತೇವೆ. ಹುಟ್ಟುವಾಗಲೇ ತಾಯಿಯಿಂದ ಬಂದ ಸೋಂಕಿಗೆ ಆ ಮಗುವಿನ ಪಾಪವೇನು? ತಾಯಿಯನ್ನು ಕೇಳಲು ತಾನೆ ನಾವು ಯಾರು?

2004ರ ಏಪ್ರಿಲಿನಿಂದ ಸರಕಾರ ಇದರ ಔಷಧಿಯನ್ನು ಪುಕ್ಕಟೆ ಕೊಡುತ್ತಿದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ. ತಪ್ಪದೆ ನುಂಗಿದರೆ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದಿರುವವರೆಗೆ ಮುಂದೆ ಗಂಡನಿಗೂ ದಾಟುವುದಿಲ್ಲ. ಬಿಟ್ಟು ಬಿಟ್ಟು ನುಂಗಿದರೆ ಮಾತ್ರ ವೈರಾಣು ಔಷಧಿಗೆ ಬಗ್ಗದಂತಾಗುತ್ತದೆ.

ಹುಡುಗಿಯರು ಬಿಡುವುದು ಸೋಮಾರಿತನದಿಂದಲ್ಲ. ಹಾಸ್ಟೆಲಿನಲ್ಲಿ ಡಬ್ಬಿ ಯಾರಾದರೂ ಕಂಡಾರೆಂಬ ಅಂಜಿಕೆ. ಮನೆಯಲ್ಲಿ ಮುದಿ ಅಜ್ಜಿಯೊಬ್ಬಳೇ ಇದ್ದರೆ ಎ.ಆರ್.ಟಿ. ಕೇಂದ್ರಕ್ಕೆ ಕರೆದೊಯ್ಯುವವರಿಲ್ಲ. ಇನ್ನು ಕೆಲವರು ಪ್ರಾರ್ಥನೆಯಾಯಿತು, ಗುಳಿಗೆ ಸಾಕು ಎನ್ನುತ್ತಾರೆ. ನಾವೂ ಪ್ರಾರ್ಥನೆ ಮಾಡುವವರೇ. ಪ್ರಾರ್ಥನೆ ಮುಗಿಸಿ ನೀರಿನ ಲೋಟವನ್ನೂ ಕೊಡುತ್ತೇವೆ.

ಶಾಲೆಯಿಂದಲೋ ಕೆಲಸದಿಂದಲೋ ಅನ್ಯಾಯವಾಗಿ ಹೊರಹಾಕುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಹಾಗಾದರೆ ಸಂಘಕ್ಕೆ ಬನ್ನಿರಿ. 1097ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ದೂರ ಕೂಲಿಗೆ ಹೋಗುವವರು ಹೊರಡುವ ಮೊದಲೇ ಕೇಂದ್ರದಲ್ಲಿ ತಿಳಿಸಿರಿ. ಹೋದ ಊರಿನ ಕೇಂದ್ರಕ್ಕೆ ಬರೆದುಕೊಡುತ್ತಾರೆ. ಹುಡುಗಿಯ ಜೊತೆ ಹೋದವರಿಗೆ ಆ ದಿನದ ಕೂಲಿಯನ್ನು ಸಂಘದ ಪೆಟ್ಟಿಗೆಯಿಂದ ಕೊಡೋಣವೆಂದು ನಮ್ಮ ಸೂಚನೆ. ಯಾರ ಹೆಸರನ್ನೂ ಪುಸ್ತಕದಲ್ಲಿ ಬರೆಯುವುದು ಬೇಡ.